ಗೇಟು-ರೋದನ ಮೀಮಾಂಸೆ: ನೆಹರು ನಗರವನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಸಂಕಥನ

ಬೆಳಗಾವಿಯ ನೆಹರು ನಗರದಲ್ಲಿ ಜೂನ್ ಮೊದಲ ವಾರ, ಮಳೆ ಹಿಡಿದ ಬೆಳಗುಗಳಲ್ಲಿ, ಶಾಲೆಗಳ ಗೇಟಿನೆದುರು ಒಂದು ಧ್ವನಿ-ದ್ರವ ವಿದ್ಯಮಾನ ಜರುಗುತ್ತದೆ. ಪಾಮರರು ಇದನ್ನು ಅಳು ಎನ್ನುವರು. ಪ್ರಸ್ತುತ ಪ್ರಬಂಧವು ಅದನ್ನು ಶಿಶುಕೇಂದ್ರಿತ, ಸಾಮರ್ಥ್ಯಾಧಾರಿತ, ಸಮಗ್ರಾತ್ಮಕ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸಲು ಹೊರಟಿದೆ.

ಪ್ರಥಮ ಪ್ರಕರಣ, ವಯೋನಿರ್ಣಯ. ಇಲ್ಲಿ ಎರಡು ಪಂಥಗಳು. ಪ್ರಾಚೀನ ಕರ್ಣಸ್ಪರ್ಶ ಪಂಥದ ಪ್ರಕಾರ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿದ ಕೂಸಿಗೆ ಸಾಲಿಯ ವಯಸ್ಸಾಯಿತು. ಮುಟ್ಟದಿದ್ದರೆ ಮಾಸ್ತರರೇ ಕೈಯನ್ನು ತುಸು ಜಗ್ಗಿ ಮುಟ್ಟಿಸಿ, ಹುಟ್ಟಿದ ದಿನ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಹೀಗಾಗಿ ನಮ್ಮ ಕಡೆಯ ಒಂದು ತಲೆಮಾರಿನ ಅರ್ಧ ನೌಕರರು ಒಂದೇ ತಾರೀಖಿಗೆ ಹುಟ್ಟಿ, ಮೇ 31ರಂದು ಒಟ್ಟಿಗೇ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಾರೆ. ನವ್ಯ ಸರ್ಕಾರಿ ಆದೇಶ ಪಂಥವು 2022ರಲ್ಲಿ ಅದೇ ಜೂನ್ 1ನ್ನು ಹಿಡಿದು, ಆ ದಿನಕ್ಕೆ ಆರು ವರ್ಷ ತುಂಬದವರು ಒಂದನೇ ತರಗತಿಗೆ ಅಪಕ್ವರು ಎಂದಿತು. 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳೇ ಸಾಕಾಯಿತು. ಒಂದು ಪ್ರಕಟಣೆಯ ದೆಸೆಯಿಂದ ನಾಡಿನ ಮಕ್ಕಳು ರಾತ್ರೋರಾತ್ರಿ ಏಳು ತಿಂಗಳು ಪಕ್ವರಾದರು. ಮಕ್ಕಳ ಮನೋವಿಜ್ಞಾನಿ ಪಿಯಾಜೆಗೂ ಈ ವೇಗ ಹೊಳೆದಿರಲಿಲ್ಲ.

ದ್ವಿತೀಯ ಪ್ರಕರಣ, ರೋದನ ವರ್ಗೀಕರಣ. ರೋದನವು ಆರು ವಿಧ. ಒಂದು, ಸ್ವಯಂಭೂ: ಗೇಟು ಕಂಡೊಡನೆ ಹುಟ್ಟುವುದು. ಎರಡು, ಸಾಂಕ್ರಾಮಿಕ: ಪಕ್ಕದ ಕೂಸಿನಿಂದ ಸಾಲುಸಾಲಾಗಿ ಹಬ್ಬುವುದು. ಮೂರು, ಮಾತೃಗತ: ಗೇಟಿನ ಹೊರಗೆ, ಸೆರಗಿನ ಮರೆಯಲ್ಲಿ. ಉಳಿದ ಮೂರನ್ನು ಓದುಗರೇ ಕಲ್ಪಿಸಿಕೊಳ್ಳಬೇಕು. ಯಾಕೆಂದರೆ ಈ ಅಳುವಿಗಿಂತ ಮೊದಲು ನಡೆಯುವ ಸಂದರ್ಶನ ನೆನಪಾಗಿ ನನಗೆ ನಗೆಯಾಡುವ ಹುಮ್ಮಸ್ಸು ಇಳಿದಿದೆ.

ಅಂಗನವಾಡಿ ಮುಗಿಸಿದ ನನ್ನ ತಂಗಿಯ ಮಗಳನ್ನು ಒಂದು ಖಾಸಗಿ ಶಾಲೆಗೆ ಕರೆದೊಯ್ದಿದ್ದೆವು. “ಮನ್ಯಾಗ ಯಾವ ಭಾಷಾ ಮಾತಾಡ್ತೀರಿ?” ಎಂದು ಕೇಳಿದರು. “ಕನ್ನಡಾರಿ, ಆಯಿ ಜೋಡಿ ಮರಾಠಿ.” “ಹಂಗಾದ್ರ ಇಂಗ್ಲಿಷ್ ಯಾವಾಗ?” ಹಣ್ಣಿನ ಚಿತ್ರ ತೋರಿಸಿದಾಗ ಕೂಸು ಖುಷಿಯಿಂದ “ಬಾಳಿಹಣ್ಣ!” ಅಂದಿತು. ಹಾಳೆಯ ಮೇಲೆ ಕೆಂಪು ಗುರುತು ಬಿತ್ತು. ಡೊನೇಶನ್ ಕಟ್ಟಿದ ಮೇಲೆ ಬಾಳಿಹಣ್ಣ ಸರಿಹೋಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಮಗುವನ್ನೂ ತಂದೆ-ತಾಯಿಯನ್ನೂ ಹೀಗೆ ಸೋಸಬಾರದು ಅನ್ನುತ್ತದೆ. ಸೋಸಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಮತ್ತೆ ಸೋಸಿದರೆ ಪ್ರತಿ ಸಲಕ್ಕೂ 50,000ದವರೆಗೆ. ಡೊನೇಶನ್ ತಗೊಂಡರೆ ಅದರ ಹತ್ತು ಪಟ್ಟಿನವರೆಗೆ. ದೂರು ಕೊಡಬಹುದು, ನಿಜ. ಆದರೆ ನಾಳೆ ಕೂಸು ಕೂರಬೇಕಾದ್ದು ಅದೇ ಶಾಲೆಯ ಬೆಂಚಿನ ಮೇಲೆ. ಇದು ಗೊತ್ತಿರುವುದರಿಂದಲೇ ಶಾಲೆಯವರು ನಿಶ್ಚಿಂತರು.

ತೃತೀಯ ಪ್ರಕರಣ, ಸಮಾಯೋಜನೆ. ಹೊಸ ಮಕ್ಕಳನ್ನು ಹೊಂದಿಸಿಕೊಳ್ಳುವ ಬಗೆ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿದ ನಲಿ-ಕಲಿ ಪದ್ಧತಿ ಇದೆ. ಮೊದಲ ಮೂರು ತಿಂಗಳು ಆಟದಲ್ಲೇ ಅಕ್ಷರಕ್ಕೆ ಸಿದ್ಧಗೊಳಿಸುವ ‘ವಿದ್ಯಾ ಪ್ರವೇಶ’ ಇದೆ. ಆ ಖಾಸಗಿ ಶಾಲೆಯಲ್ಲಿ ಮಾತ್ರ ಎರಡನೇ ದಿನವೇ ಹೋಮ್‌ವರ್ಕು. ಮೂರನೇ ದಿನ ಕೂಸು “ಒಂದಕ್ಕ ಬಂದೈತ್ರಿ” ಎಂದು ಎರಡು ಸಲ ಹೇಳಿತಂತೆ. ಇಂಗ್ಲಿಷಿನಲ್ಲಿ ಕೇಳು ಅಂದರು. ಬರಲಿಲ್ಲ, ಕೂತಲ್ಲೇ ಆಯಿತು. ಡೈರಿಯಲ್ಲಿ ಮನೆಗೆ ಒಂದು ಸೂಚನೆ ಬಂತು: ಮಗುವಿಗೆ ಟಾಯ್ಲೆಟ್ ಟ್ರೇನಿಂಗ್ ಕೊಡಿ.

ಆರು ವರ್ಷದ ಕೂಸಿಗೆ ಟ್ರೇನಿಂಗ್ ಬೇಕಾಗಿರಲಿಲ್ಲ. ಅದರ ಮಾತು ಕೇಳುವವರು ಒಬ್ಬರು ಬೇಕಾಗಿತ್ತು.

ಈಗ ಅದು ಸರ್ಕಾರಿ ಸಾಲಿಯಲ್ಲಿದೆ. ಅದೇನು ಸ್ವರ್ಗವಲ್ಲ: ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ, ಒಬ್ಬರೇ ಅಕ್ಕೋರು, ಮೂಲೆಯಲ್ಲಿ ಸೋರುವ ಮಳೆಗೆ ಇಟ್ಟ ಬಕೆಟ್ಟು. ಅಲ್ಲೂ ಮೊದಲ ದಿನ ಅತ್ತಿತು. ಅಕ್ಕೋರು ತಂಗಿಯನ್ನು ಒಳಗೆ ಕರೆದು, “ನೀವೂ ಕೂಡ್ರಿ ಬರ್ರಿ” ಅಂದರು.

ಆದ್ದರಿಂದ ಈ ಸಂಶೋಧನೆಯ ಏಕೈಕ ಶಿಫಾರಸು: ಮೊದಲ ವಾರ ಅವ್ವಂದಿರು ತರಗತಿಯೊಳಗೆ ಕೂರಲು ಒಂದು ಜಮಖಾನೆ. ಸುತ್ತೋಲೆ, ಸಮಿತಿ, ಕಾರ್ಯಾಗಾರ ಏನೂ ಬೇಡ. ಜಮಖಾನೆ ಬೇಕಾದರೆ ನಾನೇ ತಂದುಕೊಡುತ್ತೇನೆ.