ನಿಮ್ಮಿಷ್ಟ ಸಾರ್!

ಕಾರು ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಎರಡು ಬಗೆಯ ಜನ ಇರುತ್ತಾರೆ: ಕೈಯಲ್ಲಿ ಸ್ಪ್ಯಾನರ್ ಹಿಡಿದವರು, ಕೈಯಲ್ಲಿ ಟ್ಯಾಬ್ ಹಿಡಿದವರು. ಸ್ಪ್ಯಾನರಿನವರು ಗಾಜಿನ ಗೋಡೆಯ ಆಚೆ. ಅವರ ಜೊತೆ ನಮಗೆ ಮಾತಿಲ್ಲ, ಕತೆಯಿಲ್ಲ. ಟ್ಯಾಬಿನವನು ಈಚೆ. ಅವನ ಜೊತೆ ಮಾತು ಬಿಟ್ಟರೆ ಬೇರೇನೂ ಇಲ್ಲ. ಈ ಮಾತಿನವನಿಗೆ ಸರ್ವೀಸ್ ಅಡ್ವೈಸರ್ ಎಂದು ಹೆಸರು.

ಅವನನ್ನು ಗುರುತಿಸುವುದು ಕಷ್ಟವಲ್ಲ. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಒಂದು ಕಿವಿಯಲ್ಲಿ ಇಯರ್‌ಬಡ್, ಉಗುರಿನ ಸಂದಿಯಲ್ಲಿ ಹುಡುಕಿದರೂ ಗ್ರೀಸ್ ಇಲ್ಲ. ಬೆಳಿಗ್ಗೆ ನೀವು ಗೇಟು ದಾಟುವಷ್ಟರಲ್ಲಿ ನಿಮ್ಮ ಹೆಸರು, ಗಾಡಿಯ ನಂಬರು, ಹೋದ ಸಲ ನೀವು ಯಾವುದಕ್ಕೆಲ್ಲ ಬೇಡ ಅಂದಿದ್ದಿರಿ ಎಂಬ ಪಟ್ಟಿ, ಎಲ್ಲವೂ ಅವನ ಬೆರಳ ತುದಿಯಲ್ಲಿ. ಒಂದೇ ಹೊತ್ತಿಗೆ ನಾಲ್ಕು ಗಿರಾಕಿಗಳನ್ನು ಸಂಭಾಳಿಸಬಲ್ಲ. ನಾಲ್ವರಿಗೂ ‘ಐದೇ ನಿಮಿಷ ಸಾರ್’ ಎನ್ನಬಲ್ಲ. ಯಾರ ಮೇಲೂ ರೇಗುವುದಿಲ್ಲ. ರೇಗದವನ ಜೊತೆ ಚೌಕಾಸಿ ಮಾಡುವುದು ಎಂಥ ಕಷ್ಟ ಎಂಬುದು ಗಾಂಧಿ ಬಜಾರಿನಲ್ಲಿ ಅವರೆಕಾಯಿ ಕೊಂಡು ಪಳಗಿದ ನನಗೂ ಇಲ್ಲಿಗೆ ಬಂದ ಮೇಲೇ ಗೊತ್ತಾದದ್ದು.

ನನ್ನ ಪಾಲಿಗೆ ಬಂದವನು ಮಂಡ್ಯ ಕಡೆಯ ಹುಡುಗ. ಹೆಸರು ಬೇಡ. ಅವನ ಕಂಪನಿಯ ಹೆಸರಂತೂ ಬೇಡವೇ ಬೇಡ, ಮುಂದಿನ ಸರ್ವೀಸಿಗೂ ಅಲ್ಲಿಗೇ ಹೋಗಬೇಕು. ಕಾರಿನ ವಿಷಯದಲ್ಲಿ ನನ್ನ ವಿದ್ಯೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಯಾವ ಕಡೆ ಇದೆ ಎಂಬಲ್ಲಿಗೆ ಮುಗಿಯುತ್ತದೆ. ಅದನ್ನೂ ಮೀಟರಿನಲ್ಲಿ ಪಂಪಿನ ಚಿತ್ರದ ಪಕ್ಕ ಇರುವ ಪುಟ್ಟ ಬಾಣ ನೋಡಿಕೊಂಡು ಹೇಳುತ್ತೇನೆ. ನನ್ನಂಥವರು ಇರುವ ತನಕ ಅವನಂಥವರಿಗೆ ಕೆಲಸ ಖಾತ್ರಿ.

ಮೊದಲು ಗಾಡಿಗೆ ಪ್ರದಕ್ಷಿಣೆ. ನನಗೇ ಗೊತ್ತಿಲ್ಲದ ಗೀರುಗಳನ್ನೆಲ್ಲ ಒಂದೊಂದಾಗಿ ಪತ್ತೆ ಹಚ್ಚಿ ಫೋಟೊ ತೆಗೆದುಕೊಳ್ಳುತ್ತಾನೆ. ಓಡಿದ ಕಿಲೋಮೀಟರು, ಉಳಿದ ಪೆಟ್ರೋಲು, ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕು, ಎಲ್ಲಕ್ಕೂ ಒಂದೊಂದು ಟಿಕ್ಕು. ಆಮೇಲೆ, “ಏನಾದ್ರೂ ಕಂಪ್ಲೇಂಟ್ ಇದೆಯಾ ಸಾರ್?” ನಾನು ಎಡಗಡೆ ಚಕ್ರದಿಂದ ಬರುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತೇನೆ: ಕಟ್, ಕಟ್, ಕಟಾರ್. ಪಕ್ಕದ ಗಿರಾಕಿಗಳು ತಿರುಗಿ ನೋಡುತ್ತಾರೆ. ಅವನು ಮಾತ್ರ ಮುಖದ ಗೆರೆ ಅಲುಗಿಸದೆ ಟೈಪು ಮಾಡಿಕೊಂಡು, ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುತ್ತಾನೆ. ಅವನು ಸ್ಟಿಯರಿಂಗ್ ಹಿಡಿದೊಡನೆ ಸದ್ದು ಮಾಯ. ಸಂಜೆ ಜಾಬ್ ಕಾರ್ಡಿನಲ್ಲಿ ಆ ಸಾಲಿನ ಎದುರು ‘ನಾಟ್ ಅಬ್ಸರ್ವ್ಡ್’ ಎಂದಿರುತ್ತದೆ. ಗೇಟು ದಾಟಿ ರಸ್ತೆಗೆ ಇಳಿದ ತಕ್ಷಣ ಕಟ್, ಕಟ್, ಕಟಾರ್.

ಇನ್ನು ಎಸ್ಟಿಮೇಟು. ನನ್ನಂಥ ಸಣ್ಣ ಕಾರಿನವನಿಗೆ ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ, ಯಾವುದು ಮೊದಲು ಬರುತ್ತದೋ ಆಗ, ಮೂರು ಚಿಲ್ಲರೆ ಲೀಟರು ಎಂಜಿನ್ ಆಯಿಲ್ ಬದಲಾಗಬೇಕು, ಆಯಿಲ್ ಫಿಲ್ಟರ್ ಬದಲಾಗಬೇಕು, ಉಳಿದದ್ದನ್ನು ಯಾರಾದರೂ ತಿಳಿದವರು ಕಣ್ಣಿಟ್ಟು ನೋಡಬೇಕು. ಸರ್ವೀಸ್ ಎಂದರೆ ಮುಖ್ಯವಾಗಿ ಇಷ್ಟೇ. ಆದರೆ ಇಷ್ಟನ್ನೇ ಬಡಿಸಿ ಎಲೆ ಎತ್ತಲು ಅವನು ಬಿಡಬೇಕಲ್ಲ! ಮದುವೆ ಮನೆಯಲ್ಲಿ ಬೀಗರ ಎಲೆಗೆ ಬೇಡ ಬೇಡ ಎನ್ನುವಾಗಲೇ ಹೋಳಿಗೆ ಬೀಳುವ ಹಾಗೆ, ವೀಲ್ ಅಲೈನ್‌ಮೆಂಟ್ ಬೀಳುತ್ತದೆ, ಬ್ಯಾಲೆನ್ಸಿಂಗ್ ಬೀಳುತ್ತದೆ, ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನರ್, ಎಸಿ ಡಿಸ್‌ಇನ್‌ಫೆಕ್ಟಂಟ್, ಅಡಿಗೆ ತುಕ್ಕು ಹಿಡಿಯದ ಕೋಟಿಂಗ್, ಮೇಲೆ ಟೆಫ್ಲಾನ್ ಕೋಟಿಂಗ್, ಇಲಿ ಬಾರದ ಸ್ಪ್ರೇ ಎಲ್ಲವೂ ಬೀಳುತ್ತವೆ. ಇಲಿಯ ಹೆಸರು ಬಂದಾಗ ಮಾತ್ರ ನಾನು ಮೆತ್ತಗಾಗುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬರ ವೈರಿಂಗನ್ನು ಇಲಿ ಪೂರ್ತಿ ಕಡಿದು ಹಾಕಿದ್ದು ಅವನಿಗೂ ಹೇಗೋ ಗೊತ್ತು.

ಒಮ್ಮೆ ಟೈರಿಗೆ ನೈಟ್ರೋಜನ್ ತುಂಬಿಸೋಣ ಎಂದ. ಹೈಸ್ಕೂಲಿನ ವಿಜ್ಞಾನ ನನ್ನ ಕೈಬಿಡಲಿಲ್ಲ.

“ಅಲ್ಲಪ್ಪ, ಬರೀ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆಯಲ್ಲ?”

“ಇದೆ ಸಾರ್. ಉಳಿದ 22 ಪಾಲಿದೆಯಲ್ಲ, ಅದೇ ತೊಂದರೆ.”

ಇಂಥ ಉತ್ತರಕ್ಕೆ ಏನು ಹೇಳುವುದು? ಬೇಡ ಎಂದೆ. ಅವನು ಒತ್ತಾಯ ಮಾಡಲಿಲ್ಲ. ಅವನು ಯಾವತ್ತೂ ಒತ್ತಾಯ ಮಾಡುವವನಲ್ಲ. ಟ್ಯಾಬನ್ನು ಸ್ವಲ್ಪ ಕೆಳಗಿಳಿಸಿ, “ಫ್ಯಾಮಿಲಿ ಕರ್ಕೊಂಡು ಹೈವೇಲಿ ಹೋಗ್ತಿರ್ತೀರಿ, ಅದಕ್ಕೆ ಹೇಳ್ದೆ. ನಿಮ್ಮಿಷ್ಟ ಸಾರ್” ಎಂದ. ಆ ‘ನಿಮ್ಮಿಷ್ಟ’ ಕಿವಿಗೆ ಬಿದ್ದೊಡನೆ ನೈಸ್ ರಸ್ತೆಯಲ್ಲಿ ಟೈರು ಸಿಡಿದು, ನಾನು ಪಕ್ಕಕ್ಕೆ ನಿಂತು, ಮನೆಯವರೆಲ್ಲ ನನ್ನ ಕಡೆಗೇ ನೋಡುತ್ತಿರುವ ದೃಶ್ಯ ಕಣ್ಣ ಮುಂದೆ ಬರುತ್ತದೆ. ಬೆಲೆ ಕೇಳುವುದೂ ಮರೆತು ತಲೆಯಾಡಿಸುತ್ತೇನೆ.

ಆದರೆ ಅವನ ನಿಜವಾದ ಕಸುಬುಗಾರಿಕೆ ಕಾಣುವುದು ಮಧ್ಯಾಹ್ನ. ಬೆಳಗಿನ ಎಸ್ಟಿಮೇಟಿಗೆ ಸಹಿ ಹಾಕಿ, ಮನೆಗೆ ಬಂದು, ಊಟ ಮುಗಿಸಿ ಒಂದಿಷ್ಟು ಒರಗಿದಾಗ ಫೋನು ಬರುತ್ತದೆ. “ಸಾರ್, ವಾಟ್ಸಾಪಿಗೆ ಒಂದು ವಿಡಿಯೋ ಹಾಕಿದೀನಿ, ನೋಡಿ.” ನೋಡಿದರೆ ಕೈಗವಸು ತೊಟ್ಟ ಒಂದು ಕೈ, ಆ ಕೈಯಲ್ಲಿ ಎಸಿಯ ಕ್ಯಾಬಿನ್ ಫಿಲ್ಟರ್, ಅದರ ಮಡಿಕೆ ಮಡಿಕೆಯಲ್ಲೂ ಕಪ್ಪು ಧೂಳು, ಕಡ್ಡಿ, ಎಲೆ. ಮೇಲಿನಿಂದ ಟಾರ್ಚು ಬೇರೆ. ಹಿನ್ನೆಲೆಯಲ್ಲಿ ಅವನ ದನಿ: “ಇದೇ ಗಾಳಿ ಸಾರ್ ನಿಮ್ಮನೆಯವರು ಕುಡೀತಿರೋದು.” ನನ್ನ ಗಂಟಲಲ್ಲಿ ಆಗಲೇ ಕೆಮ್ಮು ಶುರುವಾಗಿತ್ತು. ಹಾಕಿಬಿಡಪ್ಪ ಎನ್ನಲು ಬಾಯಿ ತೆರೆದಿದ್ದೆ.

ನನ್ನ ಹೆಂಡತಿ ಫೋನು ಇಸಿದುಕೊಂಡು ವಿಡಿಯೋವನ್ನು ನಿಲ್ಲಿಸಿ, ಎರಡು ಬೆರಳಲ್ಲಿ ಅಗಲಿಸಿ ನೋಡಿದಳು. “ರೀ, ಇದು ಗುಲ್‌ಮೊಹರ್ ಎಲೆ. ನಮ್ಮ ಬೀದೀಲಿ ಗುಲ್‌ಮೊಹರ್ ಎಲ್ಲಿದೆ? ಇರೋದೆಲ್ಲಾ ಹೊಂಗೆ ಮರ.” ಗಾಡಿ ನಿಲ್ಲುವುದು ಮನೆ ಮುಂದಿನ ಹೊಂಗೆಯ ಕೆಳಗೆ. ದಿನಾ ಬೆಳಿಗ್ಗೆ ಬಾನೆಟ್ ಮೇಲೆ ಬಿದ್ದ ಹೊಂಗೆ ಹೂವನ್ನು ಗುಡಿಸುವವಳು ಅವಳೇ. ಫೋನಿನ ಸ್ಪೀಕರ್ ಹಾಕಿ ನೇರ ಅವನನ್ನೇ ಕೇಳಿದಳು: “ಏನಪ್ಪಾ, ಈ ಎಲೆ ನಮ್ಮ ಗಾಡಿ ಒಳಗೆ ಹೆಂಗೆ ಬಂತು?”

ಆ ಕಡೆ ಸ್ವಲ್ಪ ಹೊತ್ತು ಬರೀ ಏರ್ ಗನ್ನಿನ ಸದ್ದು. ಆಮೇಲೆ ಅವನ ಇಂಗ್ಲಿಷು, ಅವನ ಶಿಷ್ಟ ಕನ್ನಡ, ಎರಡೂ ಒಟ್ಟಿಗೆ ಕಳಚಿ ಬಿದ್ದವು. “ಅಕ್ಕಾ, ಅದು ಬ್ಯಾರೆ ಗಾಡೀದು. ನಿಮ್ದು ಇನ್ನೂ ಬಿಚ್ಚಿಲ್ಲ.” ಒಂದು ಕ್ಷಣ ಬಿಟ್ಟು ಸೇರಿಸಿದ: “ಬಿಚ್ಚುದ್ರೆ ನಿಮ್ದೂ ಹಂಗೇ ಇರ್ತದೆ.”

ನಮ್ಮಿಬ್ಬರಿಗೂ ಕೋಪ ಬರಬೇಕಿತ್ತು. ಬಂದದ್ದು ನಗು. ಆ ದಿನದಿಂದ ಅವನು ನನಗೆ ‘ಸಾರ್’ ಬದಲು ‘ಸಾ’ ಎನ್ನತೊಡಗಿದ. ನನಗೆ ಅವನ ಮೇಲೆ ರೇಗುವ ಹಕ್ಕು ಸಿಕ್ಕಿತು.

ಬಿಲ್ಲಿನ ವಿಷಯ ಹೆಚ್ಚು ಹೇಳುವುದಿಲ್ಲ. ಐದೂವರೆ ಸಾವಿರದ ಎಸ್ಟಿಮೇಟು ಸಂಜೆಯ ಹೊತ್ತಿಗೆ ಒಂಬತ್ತು ಸಾವಿರ ದಾಟುವುದು ಪ್ರಕೃತಿ ನಿಯಮ. ಮೊದಲ ಮೂರು ಸರ್ವೀಸ್ ‘ಫ್ರೀ’ ಎಂದರೆ ಕೂಲಿ ಮಾತ್ರ ಫ್ರೀ, ಆಯಿಲು ಫಿಲ್ಟರು ನಮ್ಮದೇ ಎಂಬುದನ್ನು ನನ್ನ ನೆಂಟರಿಷ್ಟರೆಲ್ಲ ಕೌಂಟರಿನ ಮುಂದೆಯೇ ಕಲಿತದ್ದು. ಎರಡು ಪುಟದ ಬಿಲ್ಲಿನಲ್ಲಿ ನನಗೆ ಪೂರ್ತಿ ಅರ್ಥವಾಗುವ ಸಾಲು ಒಂದೇ: ಆಯಿಲ್ ಇಳಿಸುವ ನಟ್ಟಿಗೆ ಹಾಕುವ ವಾಷರು. ಅದಕ್ಕೆ ನಾಲ್ಕು ಕಾಸು. ಮಿಕ್ಕ ಸಾಲುಗಳೆಲ್ಲ ಕೋಡು, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿಯಿತೆಂದು ಪೇಪರಿನಲ್ಲಿ ಓದಿ ಹುರುಪಿನಿಂದ ಹೋಗಿದ್ದೆ. ತೆರಿಗೆ ಇಳಿದದ್ದು ನಿಜ. ಅದು ಖಾಲಿ ಮಾಡಿದ ಜಾಗದಲ್ಲಿ ಇಂಜೆಕ್ಟರ್ ಕ್ಲೀನರ್ ಬಂದು ಕೂತಿತ್ತು.

ಹಾಗಾದರೆ ಹೊರಗಿನ ಗ್ಯಾರೇಜಿಗೆ ಹೋಗಬಾರದೆ? ಇದನ್ನು ಕೇಳಿದರೆ ಅವನ ಬತ್ತಳಿಕೆಯ ಕೊನೆಯ ಬಾಣ ಹೊರಬರುತ್ತದೆ: “ವಾರಂಟಿ ಹೋಗ್ತದೆ ಸಾ.” ಇಲ್ಲಿ ನಾನೂ ಸ್ವಲ್ಪ ಓದಿಕೊಂಡಿದ್ದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಕಟ್ಟಿಹಾಕಿದ್ದು ಅವುಗಳ ತಪ್ಪು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂದು ಸಾರಾಸಗಟಾಗಿ ಹೇಳಬೇಡಿ ಎಂದೂ ಆಯೋಗ ಅಪ್ಪಣೆ ಮಾಡಿತು. ದಂಡದ ವಿರುದ್ಧ ಕಂಪನಿಗಳು ಮೇಲ್ಮನವಿಗೆ ಹೋದವು. ಅದು ದೊಡ್ಡವರ ವ್ಯಾಜ್ಯ. ಇದನ್ನೆಲ್ಲ ಅವನಿಗೆ ವಿವರವಾಗಿ ಹೇಳಿದೆ. ಶ್ರದ್ಧೆಯಿಂದ ಕೇಳಿದ. “ಕರೆಕ್ಟು ಸಾ. ಆದ್ರೆ ಕ್ಲೇಮಿನ ದಿನ ಕೌಂಟರಲ್ಲಿ ಕೂತಿರೋನು ನಾನೇ ಅಲ್ವಾ?” ಎಂದ.

ವಿಲ್ಸನ್ ಗಾರ್ಡನ್ನಿನ ಹಳೆ ಗ್ಯಾರೇಜುಗಳು ನೆನಪಾಗುತ್ತವೆ. ನಮ್ಮ ಮಾವನ ಅಂಬಾಸಡರ್ ಅಲ್ಲಿಗೇ ಹೋಗುತ್ತಿದ್ದದ್ದು. ಮೇಸ್ತ್ರಿ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಆನಿಸಿ, ಕಣ್ಣು ಮುಚ್ಚಿ ಕೇಳಿ, ರೋಗ ಹೇಳುತ್ತಿದ್ದ. ಸಾಮಾನಿಗೆ ಹುಡುಗನನ್ನು ಜೆ.ಸಿ. ರೋಡಿಗೆ ಓಡಿಸುತ್ತಿದ್ದ. ಲೆಕ್ಕ ಸಿಗರೇಟು ಪ್ಯಾಕಿನ ಬೆನ್ನ ಮೇಲೆ. ಹಾಗೆಂದು ಅವನು ಸತ್ಯಹರಿಶ್ಚಂದ್ರನೇನೂ ಅಲ್ಲ. ‘ನಾಳೆ’ ಎಂದರೆ ಮುಂದಿನ ವಾರ. ಟ್ಯಾಂಕಿನ ಪೆಟ್ರೋಲು ‘ಟ್ರಯಲ್’ ಹೆಸರಿನಲ್ಲಿ ಆವಿಯಾಗುತ್ತಿತ್ತು. ಆದರೆ ಬೈದರೆ ಬೈಸಿಕೊಳ್ಳುವವನು ಕೆಲಸ ಮಾಡಿದವನೇ ಆಗಿರುತ್ತಿದ್ದ. ಈಗ ಎಂಜಿನ್ನಿಗೆ ಕಂಪ್ಯೂಟರು ಬಂದಿದೆ, ಸ್ಕ್ಯಾನರ್ ಸಿಕ್ಕಿಸಿದರೆ ಅದೇ ಕೋಡು ಹೇಳುತ್ತದೆ. ಮಾಡುವವನು ಒಬ್ಬ, ಹೇಳುವವನು ಒಬ್ಬ, ಬೈಸಿಕೊಳ್ಳುವವನೂ ಹೇಳುವವನೇ.

ಇದನ್ನು ಯೋಚಿಸುವಂತೆ ಮಾಡಿದ್ದು ಒಂದು ತಿಂಗಳ ಕೊನೆ. ಗಾಡಿ ವಾಷಿಂಗ್‌ನಲ್ಲಿತ್ತು, ಗಾಡಿ ಯಾವಾಗಲೂ ವಾಷಿಂಗ್‌ನಲ್ಲೇ ಇರುತ್ತದೆ. ಲೌಂಜಿನ ಮಷೀನು ಕಾಫಿ ಕುಡಿದು ಬೇಜಾರಾಗಿ ಅವನ ಮೇಜಿನ ಹತ್ತಿರ ಹೋದೆ. ಗೋಡೆಯ ಬಿಳಿ ಬೋರ್ಡಿನಲ್ಲಿ ಅಡ್ವೈಸರ್‌ಗಳ ಹೆಸರು, ಎದುರಿಗೆ ಅಲೈನ್‌ಮೆಂಟ್ ಎಷ್ಟು, ಕೋಟಿಂಗ್ ಎಷ್ಟು, ಎಸಿ ಎಷ್ಟು. ಅವನ ಸಾಲಿನಲ್ಲಿ ಕೆಂಪು ಇಂಕು ಹೆಚ್ಚು. ಆಟೊಮೊಬೈಲ್ ಡಿಪ್ಲೊಮಾ ಮಾಡಿದವನಂತೆ. ಓದುವಾಗ ಊರಿನ ಟ್ರ್ಯಾಕ್ಟರಿನ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದ್ದನಂತೆ. “ಇಲ್ಲಿಗೆ ಬಂದ್ಮ್ಯಾಲೆ ಒಂದು ಬೋಲ್ಟೂ ತಿರುಗ್ಸಿಲ್ಲ ಸಾ. ಶರ್ಟು ಕೊಳೆಯಾದ್ರೆ ಬೈತಾರೆ.” ನನ್ನ ಭಯವನ್ನು ಮಾರಿ ಅವನು ಬದುಕುತ್ತಿದ್ದಾನೆ ಎಂದುಕೊಂಡಿದ್ದೆ. ಆ ಬೋರ್ಡಿನ ಮುಂದೆ ನಿಂತಾಗ, ಅವನ ಭಯಕ್ಕೆ ಹೋಲಿಸಿದರೆ ನನ್ನದು ಏನೂ ಅಲ್ಲ ಅನ್ನಿಸಿತು.

ಹಾಗೆಂದು ದುಡ್ಡು ಕೊಟ್ಟು ಕರುಣೆ ತೋರಿಸುವಷ್ಟು ಸ್ಥಿತಿವಂತ ನಾನಲ್ಲ. ಮುಂದಿನ ಸಲ ಹೋಗುವ ಮೊದಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಮಲಗಿದ್ದ ಪುಸ್ತಕವನ್ನು ತೆಗೆದೆ. ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕ: ಎಷ್ಟು ಕಿಲೋಮೀಟರಿಗೆ ಏನೇನು ಎಂದು. ‘ಆರ್’ ಎಂದಿದ್ದರೆ ಬದಲಿಸಬೇಕು, ‘ಐ’ ಎಂದಿದ್ದರೆ ನೋಡಬೇಕು ಅಷ್ಟೆ. ಎಷ್ಟೋ ‘ಐ’ಗಳು ಇಷ್ಟು ವರ್ಷ ನನ್ನ ಬಿಲ್ಲಿನಲ್ಲಿ ‘ಆರ್’ ವೇಷ ಹಾಕಿ ಕುಣಿದಿದ್ದವು. ಥ್ರಾಟಲ್ ಬಾಡಿ ಕ್ಲೀನಿಂಗ್ ಕೋಷ್ಟಕದಲ್ಲಿ ಎಲ್ಲೂ ಸಿಗಲಿಲ್ಲ.

ಪುಸ್ತಕ ಹಿಡಿದು ಹೋದೆ. ಜಗಳಕ್ಕೆ ತಯಾರಾಗಿಯೇ ಹೋದೆ. ಅವನು ಪುಟ ತಿರುಗಿಸಿ ನೋಡಿ ಮುಖ ಅರಳಿಸಿದ. “ಇದ್ನ ಓದ್ಕೊಂಡು ಬಂದವ್ರು ನೀವೇ ಮೊದ್ಲು ಸಾ!” ಕೋಷ್ಟಕಕ್ಕೆ ಬೆರಳಿಟ್ಟು, ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಯಾಕೆ ಬದಲಿಸಬೇಕು, ಅದು ಗಾಳಿಯ ತೇವ ಹೀರಿಕೊಂಡರೆ ಏನಾಗುತ್ತದೆ ಎಂದು ಪಾಠವನ್ನೇ ಮಾಡಿದ. ಹಿಂದೆ ಮೂವರು ಗಿರಾಕಿಗಳು ಕಾಯುತ್ತಿದ್ದರು, ಅವನಿಗೆ ಪರಿವೆಯಿಲ್ಲ. ಎಸ್ಟಿಮೇಟಿನಿಂದ ತಾನೇ ಒಂದೊಂದು ಸಾಲು ತೆಗೆಯುತ್ತಾ ಬಂದವನು ಅಲೈನ್‌ಮೆಂಟಿನ ಹತ್ತಿರ ನಿಂತ. “ಇದೊಂದು ಇರ್ಲಿ ಸಾ. ಇವತ್ತು ಮೂವತ್ತನೇ ತಾರೀಕು.” ಇರಲಿ ಎಂದೆ.

ಬೀಳ್ಕೊಡುವಾಗ ಗೇಟ್ ಪಾಸು ಕೈಗಿಟ್ಟು, “ಫೀಡ್‌ಬ್ಯಾಕ್ ಕಾಲ್ ಬತ್ತದೆ. ಹತ್ತಕ್ಕೆ ಹತ್ತು ಕೊಡಿ. ಎಂಟು ಕೊಟ್ರೂ ನಮ್ಗೆ ಫೇಲೇ” ಎಂದ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 35 ತೆಗೆದು ಬೀದಿಗೆಲ್ಲ ಸಕ್ಕರೆ ಹಂಚಿದ ಮನುಷ್ಯ ನಾನು. ಎಂಟಕ್ಕೆ ಫೇಲು ಮಾಡುವ ಪರೀಕ್ಷೆಯನ್ನು ಯಾರು ಕಂಡುಹಿಡಿದರೋ.

ಎರಡು ದಿನ ಬಿಟ್ಟು ಕಾಲ್ ಬಂತು. ಹತ್ತು ಕೊಟ್ಟೆ. ಇನ್ನೇನಾದರೂ ಸಲಹೆ ಇದೆಯೇ ಎಂದು ಆ ಹುಡುಗಿ ಕೇಳಿದಳು. “ಇದೆಯಮ್ಮ. ಆ ಹುಡುಗನ್ನ ವಾರಕ್ಕೊಂದು ದಿನ ಗಾಜಿನ ಆಚೆ ಕಳಿಸಿ, ಎಂಜಿನ್ ಬಿಚ್ಚಲಿ” ಎಂದೆ. ಕೀಬೋರ್ಡಿನ ಸದ್ದು ನಿಂತಿತು.

“ಸಾರ್, ಅದಕ್ಕೆ ಇಲ್ಲಿ ಕಾಲಂ ಇಲ್ಲ. ‘ಕಸ್ಟಮರ್ ಸ್ಯಾಟಿಸ್‌ಫೈಡ್’ ಅಂತ ಹಾಕ್ಲಾ?”