ಪೇಟಿ ಕೆಮ್ಮಿದರೆ

1842ರಲ್ಲಿ ಪ್ಯಾರಿಸ್ಸಿನ ದೆಬೆ ಹಾರ್ಮೋನಿಯಂಗೆ ಪೇಟೆಂಟ್ ಪಡೆದಾಗ ಭಾಲ್ಕಿಯ ಬಿಸಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೇಸಿಗೆಗೆ ಮರ ಒಣಗಿ, ಅಂಟು ಬಿಟ್ಟು, ಭಜನೆಯ ಪೇಟಿ ದಮ್ಮಿನ ಅಜ್ಜನಂತೆ ಕೆಮ್ಮುತ್ತದೆ. ಆಗ ಊರೆಲ್ಲ ಅಂಟುತಜ್ಞರೇ! ಒಬ್ಬರು ಸರೇಸು ಅಂತಾರೆ, ಒಬ್ಬರು ಫೆವಿಕಾಲ್, ಮೂರನೆಯವರು ಎರಡೂ ಕಲಸ್ರಿ ಅಂತಾರೆ. ಕಲಸಬ್ಯಾಡ್ರಿ ಯಪ್ಪಾ! ಸರೇಸು ಪ್ರಾಣಿಗಳ ಚರ್ಮ, ಮೂಳೆಯದು. ನೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಯಷ್ಟು ಕಾಯಿಸಬೇಕು. ಕುದಿಸಿದರೆ ಸತ್ವ ಹೋಗುತ್ತದೆ. ವಾಸನೆಗೆ ಮನೆಯವರೂ ಹೋಗುತ್ತಾರೆ. ಆದರೆ ಮುಂದೆ ಬಿಸಿ, ತೇವ ತಾಗಿಸಿದರೆ ಸಂದು ಸಲೀಸಾಗಿ ಬಿಡುತ್ತದೆ, ತಿದಿಯ ಚರ್ಮ ಬದಲಿಸಬಹುದು. ಫೆವಿಕಾಲ್ ಬಿಡಿಸಹೋದರೆ ಮರವೇ ಸಿಗಿದು ಬಂದೀತು. ಪಕ್ಕದ ಬೀದರಿನಲ್ಲಿ ಬಿದರಿ ಕಪ್ಪಾಗಲು ಕೋಟೆಯ ಮಣ್ಣೇ ಬೇಕಂತೆ. ಸರೇಸಿಗೆ ಅಂಥ ಹಟವಿಲ್ಲ. ಬಿಸಿನೀರು ಸಾಕು, ಜೊತೆಗೆ ಸಲಹೆಗಾರರನ್ನು ಹೊರಗೆ ಕೂರಿಸಲು ಒಬ್ಬ ಗಟ್ಟಿ ಆಳು.