ತೇಲಿದವರೆಲ್ಲ ಪಾಸು!

ಅಥಣಿ ಸೀಮೆಯ ಕಬ್ಬಿನ ಹೊಲದಲ್ಲಿ ವರ್ಷಗಟ್ಟಲೆ ನೀರು ಹನಿಸಿ, ಇಲಿಗಳಿಗೆ ಹಲ್ಲು ಮಸೆಯಲು ಮೈಕೊಟ್ಟು, ಕೊನೆಗೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಬಿದ್ದ ಪಾಲಿಥಿನ್ ಡ್ರಿಪ್ ಪೈಪು ಈಗ ಮೆಣಸಿನಕಾಳಿನಷ್ಟು ಕಪ್ಪು ಗುಳಿಗೆ. ನಿಪ್ಪಾಣಿ ಹೆದ್ದಾರಿ ಬದಿಯ ಗೋದಾಮಿನಲ್ಲಿ, ಚೀಲದ ಬಾಯಿಗೆ ಕುಳಿತು ಅದು ಪತ್ರಿಕೆಯ ಪ್ರತಿನಿಧಿಗೆ ದರ್ಶನ ನೀಡಿತು.

ಪ್ರತಿನಿಧಿ: ಮರುಜನ್ಮಕ್ಕೆ ಪರೀಕ್ಷೆ ಇತ್ತೇ?

ಗುಳಿಗೆ: ಇತ್ರೀ, ಬಕೆಟ್ ಪರೀಕ್ಷಾ! ನೀರಾಗ ಒಗದ್ರು. ತೇಲಿದಾವ ಪಾಸು, ಮುಳುಗಿದಾವ ಫೇಲು. ಪಿವಿಸಿ ತುಣುಕು ತಳಾ ಕಂಡು ಹೊರಗ ಹೋತು. ಆದ್ರ ಪಾಲಿಪ್ರೊಪಿಲಿನ್ ಚೀಲದ ಚೂರೂ ನನ್ನ ಬಾಜೂಕ ತೇಲಿತು. ಜಾತಕಾ ನೋಡದ ಇಬ್ಬರನ್ನೂ ಒಂದ ಹಂಡೇದಾಗ ಕಾಸಿಬಿಟ್ರು.

ಪಾಲಿಥಿನ್ನೂ ಪಾಲಿಪ್ರೊಪಿಲಿನ್ನೂ ನೀರಿಗಿಂತ ಹಗುರ, ಕರಗಿಸಿದರೂ ಒಂದಾಗವು. ಕೂಡಿಸಿ ಪೈಪು ಎಳೆದರೆ ಆ ಜೋಡಿ ಬಿರುಕು ಬಿಡುವ ಅಪಾಯವಿದೆ. ಈ ಗುಟ್ಟು ಡಿಎಸ್‌ಸಿ ಯಂತ್ರದ ಮುಂದೆ ನಿಲ್ಲದು. ಕೆಲವೇ ಮಿಲಿಗ್ರಾಂ ಚೂರನ್ನು ನಿಧಾನ ಕಾಸಿದರೆ ಪಾಲಿಥಿನ್ 110ರಿಂದ 130 ಡಿಗ್ರಿಯ ಆಸುಪಾಸಿನಲ್ಲಿ, ಪಾಲಿಪ್ರೊಪಿಲಿನ್ 160ರ ಸುತ್ತ ಕರಗುತ್ತವೆ. ನಕ್ಷೆಯಲ್ಲಿ ಎರಡು ಗುಡ್ಡ ಎದ್ದವೋ, ಕಲಬೆರಕೆ ಸಿಕ್ಕಿಬಿತ್ತು.

ಪ್ರತಿನಿಧಿ: ಎಂಎಫ್‌ಐ ಎಂಬ ಪರೀಕ್ಷೆಯ ಹೆಸರು ಕೇಳಿದ್ದೀರಾ?

ಗುಳಿಗೆ: ಕೇಳೀನ್ರೀ, ಮೈ ಝುಂ ಅಂತೈತಿ! 190 ಡಿಗ್ರಿ ಕಾಸಿ, ತಲಿ ಮ್ಯಾಲ 2.16 ಕಿಲೋ ಭಾರ ಹೇರಿ, 10 ನಿಮಿಷದಾಗ ಸಣ್ಣ ತೂತಿನಿಂದ ಎಷ್ಟು ಗ್ರಾಂ ಹರೀತೀನಿ ತೂಗ್ತಾರಂತ. ನಿನ್ನಿ ಚೀಲಾ ಜೇನಿನಂಗ ಹರಿದು ಇವತ್ತಿಂದು ಅಂಟಿನಂಗ ಕುಂತ್ರ ಮಶೀನ್ ನಡಸಾವ ಮಾಡೂದರ ಏನು?

ಪ್ರತಿನಿಧಿ: ಬಣ್ಣ ಕಪ್ಪೇ ಯಾಕೆ?

ಗುಳಿಗೆ: ಕೆಂಪು ಬಕೆಟ್, ಹಸಿರು ಕೊಡ, ನೀಲಿ ಕ್ಯಾನು ಎಲ್ಲಾ ಕೂಡಿದ ಮ್ಯಾಲ ಬ್ಯಾರೆ ಯಾವ ಬಣ್ಣಾ ಒಪ್ಪತೈತ್ರೀ? ಕಪ್ಪು ಬಳದ್ರ ಹಿಂದಿನ ಜನ್ಮ ಮುಚ್ಚಿ ಹೋತು.

ಕಾರ್ಬನ್ ಬ್ಲ್ಯಾಕ್ ನಿಜಕ್ಕೂ ಬಿಸಿಲಿಗೆ ಹಿಡಿದ ಕೊಡೆ. ನೀರು ಪೂರೈಕೆಯ ಪಾಲಿಥಿನ್ ಪೈಪುಗಳ ಮಾನದಂಡ ಐಎಸ್ 4984 ಅದನ್ನು ಶೇ 2.5ಕ್ಕೆ ಕಟ್ಟಿಹಾಕಿದೆ, ಅರ್ಧ ಅಂಶ ಹೆಚ್ಚುಕಮ್ಮಿ ನಡೆದೀತು. ಅದೇ ಮಾನದಂಡ ಹೊರಗಿನ ಮರುಬಳಕೆ ಗುಳಿಗೆಯನ್ನು ಹೊಸ್ತಿಲು ದಾಟಿಸುವುದಿಲ್ಲ.

ಪ್ರತಿನಿಧಿ: ಅವಮಾನ ಅನ್ನಿಸಲಿಲ್ಲವೇ?

ಗುಳಿಗೆ: ಕುಡ್ಯೂ ನೀರಿನ ಮಾತ ಬ್ಯಾಡ್ರೀ. ಮೇವಿನ ಬುಟ್ಟಿ ಆಗಿ ಬದುಕ್ತೀನಿ. ಆದ್ರ ಚಿಕ್ಕೋಡಿಯಾವ ದರಾ ಕೇಳ್ತಾನ, ರಾಯಬಾಗದಾವ ಮೂಸಿ ನೋಡ್ತಾನ, ಕಾಗವಾಡದಾವ ಹಲ್ಲಿಲೆ ಕಚ್ಚಿ ನೋಡ್ತಾನ. ಸುಟ್ಟು ನೋಡಾವ ಒಬ್ಬನೂ ಇಲ್ಲ!

ಮೂಸೆಯಲ್ಲಿ ಸುಟ್ಟು ಬೂದಿ ತೂಗುವುದೂ ಒಂದು ಪರೀಕ್ಷೆಯೇ. ತೂಕಕ್ಕೆಂದು ಸೇರಿಸಿದ ಸುಣ್ಣದ ಪುಡಿ, ತೊಳೆಯದೆ ಬಿಟ್ಟ ಎರಿಮಣ್ಣು ಎರಡೂ ಅಲ್ಲಿ ಬಯಲಾಗುತ್ತವೆ. ಪ್ಲಾಸ್ಟಿಕ್ ಪರೀಕ್ಷೆಗೆಂದೇ ಮೈಸೂರಿನಲ್ಲಿ ಕೇಂದ್ರದ ಸಿಪೆಟ್ ಸಂಸ್ಥೆಯಿದೆ. ನಿಪ್ಪಾಣಿಯಿಂದ ಅದು ರಾಜ್ಯದ ಇನ್ನೊಂದು ತುದಿ. ಬಕೆಟ್ಟು ಮಾತ್ರ ಕೈಯಳತೆಯಲ್ಲೇ ಇದೆ.

ಅಷ್ಟರಲ್ಲಿ ಗಿರಾಕಿ ಬಂದ. ಚೀಲ ತಕ್ಕಡಿ ಏರಿತು, ಸಂದರ್ಶನ ಅಲ್ಲಿಗೇ ನಿಂತಿತು. ರಸೀದಿಯಲ್ಲಿ ಇದ್ದದ್ದು ತೂಕ ಮತ್ತು ಮೊತ್ತ. ಗುಳಿಗೆ ಕೊಳ್ಳುವವರು ಇನ್ನೊಂದು ಕಾಗದವನ್ನೂ ಕೇಳಿ ಪಡೆಯಲಿ: ಲಾಟ್ ಸಂಖ್ಯೆ, ಎಂಎಫ್‌ಐ, ಬೂದಿಯ ಪ್ರಮಾಣ ಬರೆದ ಪರೀಕ್ಷಾ ವರದಿ.